ಚಿಕ್ಕಲಕ್ಷ್ಮಮ್ಮನ ಮೊದಲ ತುತ್ತು

ಚಿಕ್ಕಲಕ್ಷ್ಮಮ್ಮನ ಮನೆಗೆ ಊಟಕ್ಕೆ ಹೋದವರಿಗೆಲ್ಲ ಒಂದು ಮುಜುಗರ ಕಾದಿರುತ್ತಿತ್ತು. ತಟ್ಟೆ ಇಡುತ್ತಿದ್ದಳು, ನೀರು ಇಡುತ್ತಿದ್ದಳು, ಬಿಸಿ ಮುದ್ದೆ, ಸಾರಿನ ಪಾತ್ರೆ ಎಲ್ಲ ತಂದು ಎದುರಿಗಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಇನ್ನೇನು ಬಡಿಸುತ್ತಾಳೆ ಎಂದು ನೀವು ಕೈ ತೊಳೆದು ಕಾಯುತ್ತಿದ್ದರೆ, ಆಕೆ ಅರ್ಧ ಸೌಟು ಸಾರನ್ನು ತನ್ನ ಅಂಗೈಗೇ ಬಿಟ್ಟುಕೊಂಡು, ಒಂದು ಚೂರು ಮುದ್ದೆ ಮುರಿದು ಅದ್ದಿ, ನಿಮ್ಮ ಕಣ್ಣೆದುರಿಗೇ ನುಂಗಿಬಿಡುತ್ತಿದ್ದಳು. ನುಂಗಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಆಮೇಲೆ ನಿಮಗೆ ಬಡಿಸುತ್ತಿದ್ದಳು.

ರಾಜಾಜಿನಗರದ ಹೊಸ ಬ್ಲಾಕುಗಳಿಗೆ ಬಂದು ಸೇರಿದ ಆಫೀಸು ಜನರ ಹೆಂಡಂದಿರು ಇದನ್ನು ನೋಡಿ ಮೂಗು ಮುರಿದರು. ಬಂದವರಿಗಿಂತ ಮೊದಲು ತಾನೇ ತಿನ್ನುತ್ತಾಳಲ್ಲ, ಇದೆಂಥ ಹಳ್ಳಿಮುಕ್ಕಿ ಎಂದರು. ಅನ್ನಲಿ ಬಿಡಿ, ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲು ಯಾರಿಂದ ಆಗುತ್ತದೆ? ಆದರೆ ಸಾರು ಬಿಟ್ಟುಕೊಳ್ಳುವ ಆ ಅಂಗೈಯನ್ನು ಒಬ್ಬರಾದರೂ ಸರಿಯಾಗಿ ನೋಡಿದ್ದರೆ! ನಡುವೆ ಅಷ್ಟಗಲ ಬೆಳ್ಳಗೆ ಸುಟ್ಟ ಕಲೆ ಇತ್ತು. ಆ ಕಲೆಗೂ ಆ ತುತ್ತಿಗೂ ನಂಟಿದೆ. ಗೊತ್ತಿದ್ದವರು ಕೇತಮಾರನಹಳ್ಳಿಯ ಹಳಬರು ಮಾತ್ರ, ಅವರು ಆಕೆಯ ಮನೆಗೆ ಊಟಕ್ಕೆ ಹೋಗುತ್ತಲೇ ಇರಲಿಲ್ಲ.

ಆಕೆ ನಾಯಂಡಹಳ್ಳಿಯ ಹೆಣ್ಣು. ಕೇತಮಾರನಹಳ್ಳಿಗೆ ಸೊಸೆಯಾಗಿ ಬಂದಾಗ ಊರು ಇನ್ನೂ ಊರಾಗಿತ್ತು. ಅವಳು ಕಾಲಿಟ್ಟ ಮೇಲೆ ಬಡಾವಣೆಗೆಂದು ಹೊಲಗಳನ್ನೆಲ್ಲ ಅಳೆದು ಕಲ್ಲು ನೆಟ್ಟರು, ಅತ್ತ ಕಾರ್ಖಾನೆಗಳ ಶೆಡ್ಡು ಎದ್ದವು. ಗಂಡ ದೊಡ್ಡಹನುಮಯ್ಯ ನೇಗಿಲು ಅಟ್ಟಕ್ಕೆ ಹಾಕಿ ಬೋಲ್ಟು-ನಟ್ಟು ಮಾಡುವ ಒಂದು ಕಾರ್ಖಾನೆಗೆ ಹಂಗಾಮಿ ಆಳಾಗಿ ಸೇರಿದ. ಹೆಸರಿನಲ್ಲಿ ದೊಡ್ಡ ಇದ್ದರೂ ಮನುಷ್ಯ ಸಣಕಲು. ಆದರೆ ಗರಡಿಯಲ್ಲಿ ಬೆಳೆದ ಮೈ, ಮಿಂಚಿನ ಕಾಲು. ಕಾರ್ಖಾನೆಯ ಕ್ರೀಡಾ ಸಂಘದ ಸೆಕ್ರೆಟರಿ ಶ್ಯಾಮಸುಂದರ ಅವನ ಕೈಗೆ ಗ್ಲೌಸು ತೊಡಿಸಿ ಬಾಕ್ಸಿಂಗಿಗೆ ಇಳಿಸಿದ. ಹಗುರ ತೂಕದವರ ಪಂದ್ಯಗಳಲ್ಲಿ ದೊಡ್ಡಹನುಮಯ್ಯ ಗೆದ್ದುಕೊಂಡು ಬರುತ್ತಿದ್ದ. ಮನೆಯಲ್ಲಿ ಅತ್ತೆ ಬೋರಮ್ಮ ದೃಷ್ಟಿ ತೆಗೆಯುತ್ತಿದ್ದಳು, ಸೊಸೆ ಬಿಸಿನೀರು ಕಾಯಿಸುತ್ತಿದ್ದಳು. ಬದುಕು ಹೇಗೋ ನಡೆಯುತ್ತಿತ್ತು.

ಸಾವಿರದ ಒಂಬೈನೂರ ಐವತ್ತೆಂಟರ ಆಷಾಢದಲ್ಲಿ ಶ್ಯಾಮಸುಂದರನಿಗೆ ಒಂದು ಯೋಚನೆ ಬಂತು. ಅವರ ಕಾರ್ಖಾನೆಯ ವೆಲ್ಟರ್‌ವೇಟ್ ಎಂಬ ಮೇಲಿನ ತೂಕದ ಆಳು ಕೆಲಸ ಬಿಟ್ಟು ಬೇರೆ ಕಡೆ ಹೋಗಿದ್ದ. ಆ ಜಾಗ ಖಾಲಿ ಬಿದ್ದಿತ್ತು. "ಹನುಮಯ್ಯ, ನೀನು ಮೈ ತುಂಬ್ಕೊಂಡು ವೆಲ್ಟರ್‌ವೇಟ್‌ಗೆ ಹತ್ತಿಬಿಡು. ಕಾರ್ತೀಕದ ಪಂದ್ಯ ಗೆದ್ದು ಕೊಡು, ನಿನ್ನ ಕೆಲಸ ಖಾಯಂ ಮಾಡಿಸೋ ಜವಾಬ್ದಾರಿ ನಂದು," ಎಂದ. ಬಾಕ್ಸಿಂಗಿನಲ್ಲಿ ತೂಕಕ್ಕೆ ತೂಕದವರನ್ನೇ ಬಿಡುತ್ತಾರೆ. ಒಂದೇ ಸಲಕ್ಕೆ ಎರಡು ಮೆಟ್ಟಿಲು ಮೇಲಿನ ತೂಕಕ್ಕೆ ಹತ್ತುವುದೆಂದರೆ ಹುಡುಗಾಟವೇ? ಆದರೆ ಭೂಮಿ ಕಳೆದುಕೊಂಡವನಿಗೆ ಖಾಯಂ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬೇರೆ ಏನೂ ಕೇಳಿಸುವುದಿಲ್ಲ. ದೊಡ್ಡಹನುಮಯ್ಯ ಹೂಂ ಎಂದ.

ಆಟ ನೋಡೋಣವೆಂದು ದಂಡಿನ, ಎಂದರೆ ಕಂಟೋನ್ಮೆಂಟಿನ ಕಡೆಯ ಒಬ್ಬ ದಪ್ಪನೆಯವನ ಎದುರು ಅವನನ್ನು ಬಿಟ್ಟರು. ಸಂಜೆ ಅವನನ್ನು ಇಬ್ಬರು ಹೆಗಲು ಕೊಟ್ಟು ಕರೆತಂದರು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಬಚ್ಚಲಲ್ಲಿ ಉಗಿದರೆ ರಕ್ತ. ಕರೆತಂದವರಲ್ಲೊಬ್ಬ ಹೋಗುವಾಗ ಬಾಗಿಲಲ್ಲಿ ನಿಂತು, "ಅಕ್ಕಾ, ಇವನಿನ್ನೂ ಆ ತೂಕಕ್ಕೆ ಆಳಲ್ಲ. ಹಿಂಗೇ ಬಿದ್ದು ಏಳದೇ ಹೋದೋನ್ನ ನಾನೇ ಕಣ್ಣಾರೆ ನೋಡಿದೀನಿ," ಎಂದುಬಿಟ್ಟ. ಹಾಳಾದವನು, ಅದನ್ನು ಅವಳ ಮುಂದೆ ಹೇಳಬೇಕಿತ್ತೆ?

ಅವತ್ತಿನಿಂದ ಚಿಕ್ಕಲಕ್ಷ್ಮಮ್ಮನಿಗೆ ಭಯ ಹಿಡಿಯಿತು. ರಾಗಿ ಬೀಸುವಾಗ, ಸಗಣಿ ತಟ್ಟುವಾಗ, ಕೊಡ ಹೊತ್ತು ಬಾವಿಯಿಂದ ಬರುವಾಗ ಅವಳಿಗೆ ಒಂದೇ ಕಾಣುತ್ತಿತ್ತು. ಹಗ್ಗ ಕಟ್ಟಿದ ಅಟ್ಟದ ಮೇಲೆ ಗಂಡ ಬಿದ್ದಿದ್ದಾನೆ, ಏಳುತ್ತಿಲ್ಲ. ಬೇಡವೆಂದು ಹೇಳಿ ನೋಡಿದಳು. "ಸುಮ್ನಿರೆ, ಖಾಯಂ ಆಗ್ಬೇಕೋ ಬ್ಯಾಡ್ವೋ?" ಎಂದ ಅವನು. ಮೊಟ್ಟೆ ತಂದ, ಎಮ್ಮೆಹಾಲು ಕುಡಿದ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎರಡೆರಡು ಸಲ ಅನ್ನ ಹಾಕಿಸಿಕೊಂಡ. ಮೈ ಮಾತ್ರ ಹಿಡಿಯಲಿಲ್ಲ. ಶ್ರಾವಣ ಬಂತು. ತೂಕದ ಯಂತ್ರದ ಮೇಲೆ ನಿಂತು ಬಂದ ದಿನವೆಲ್ಲ ಅವನ ಮುಖ ಸಪ್ಪಗಿರುತ್ತಿತ್ತು.

ಗೌರಿಹಬ್ಬಕ್ಕೆ ತವರಿಗೆ ಹೋದಾಗ ಅವಳು ಆ ಕೆಲಸ ಮಾಡಿದಳು. ನಾಯಂಡಹಳ್ಳಿಯ ಹೊಳೆಯ ದಂಡೆಯಲ್ಲಿ ಬೆಟ್ಟಯ್ಯ ಎಂಬ ದನದ ವೈದ್ಯನಿದ್ದ. ಆ ಕಡೆಯ ರೈತರು ಉಳುಮೆಗೆ ಮುಂಚೆ ಬಡಕಲು ಎತ್ತುಗಳನ್ನು ಅವನ ಹತ್ತಿರ ಹೊಡೆದುಕೊಂಡು ಹೋಗುತ್ತಿದ್ದರು. ಅವನು ಕಾಸರಕ ಎಂಬ ನಂಜಿನ ಮರದ ಬೀಜವನ್ನು ಗಂಜಲದಲ್ಲಿ ನೆನೆಹಾಕಿ, ಹಾಲಿನಲ್ಲಿ ಬೇಯಿಸಿ ಅದರ ನಂಜು ಮುರಿದು ಪುಡಿ ಮಾಡಿ ಕೊಡುತ್ತಿದ್ದ. ಅದನ್ನು ತಿಂದ ಎತ್ತು ಮೇವು ಮೇವು ಎಂದು ಹಂಬಲಿಸುತ್ತಿತ್ತು, ಹೆಗಲು ದಪ್ಪವಾಗುತ್ತಿತ್ತು, ಬಾಲ ಮುಟ್ಟಿದರೆ ಚಂಗನೆ ಹಾರುತ್ತಿತ್ತು. ಅವಳ ಅಪ್ಪನ ಎತ್ತೊಂದು ಹಾಗೇ ಎದ್ದು ನಿಂತದ್ದನ್ನು ಅವಳು ಚಿಕ್ಕಂದಿನಲ್ಲಿ ನೋಡಿದ್ದಳು.

"ಯಾರ ಎತ್ತಿಗವ್ವಾ?" ಎಂದು ಬೆಟ್ಟಯ್ಯ ಕೇಳಿದ.

"ನಮ್ಮನೇದಕ್ಕೆ," ಎಂದಳು. ಅವಳ ಮನೆಯಲ್ಲಿ ಎತ್ತು ಮಾರಿ ಆಗಲೇ ಎಷ್ಟೋ ಕಾಲವಾಗಿತ್ತು. ಮುದುಕನಿಗೆ ಅದು ಗೊತ್ತಿರಲಿಲ್ಲ.

ಅವನು ಪುಡಿಯನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟು ಹೇಳಿದ: "ನಂಜು ಮುರಿದಿದೀನಿ, ಆದ್ರೂ ನಂಜು ನಂಜೇಯ. ದವಡೆ ಕಚ್ಕೊಂತು, ಕತ್ತು ಸೆಟೀತು ಅಂದ್ರೆ ಅವತ್ತೇ ನಿಲ್ಸ್‌ಬುಡು. ಇಲ್ದಿದ್ರೆ ಎತ್ತು ಉಳಿಯಾಕಿಲ್ಲ."

ಕೇಳಿಯೂ ತಂದಳಲ್ಲ ಎನ್ನುತ್ತೀರಿ. ತಂದಳು. ಎತ್ತಿಗೆ ಹೇಳಿದ ಪ್ರಮಾಣದಲ್ಲಿ ಮನುಷ್ಯನಿಗೆ ಎಷ್ಟೆಂದು ಅವಳಿಗೆ ಯಾರು ಹೇಳಬೇಕು? ಉಗುರಿನ ತುದಿಯಲ್ಲಿ ಇಷ್ಟೇ ಇಷ್ಟು ಎಂದು ತನ್ನ ಅಂದಾಜಿನಲ್ಲೇ ತೆಗೆದುಕೊಂಡಳು. ಆ ಪುಡಿ ವಿಪರೀತ ಕಹಿ. ಅದಕ್ಕೆ ಹಾಗಲಕಾಯಿ ಗೊಜ್ಜು ಮಾಡಿ, ಗಂಡನ ಪಾಲು ಬೇರೆ ತೆಗೆದು, ಅದರಲ್ಲಿ ಕಲಸಿದಳು. ಆ ಕಡೆಯ ಹಳ್ಳಿಗಳಲ್ಲಿ ಹೆಂಗಸಿನ ಮೇಲೆ ಹೊರಿಸುವ ಅಪವಾದಗಳಲ್ಲೆಲ್ಲ ದೊಡ್ಡದು ಯಾವುದು ಗೊತ್ತೆ? ಗಂಡನ ಊಟಕ್ಕೆ ಮದ್ದು ಹಾಕಿದಳು ಎಂಬುದು. ಹಾಗೆ ಹೆಸರು ಬಿದ್ದವಳನ್ನು ತವರಿನವರೂ ಒಳಗೆ ಸೇರಿಸುವುದಿಲ್ಲ. ಅದೆಲ್ಲ ಗೊತ್ತಿದ್ದೇ ಅವಳು ಕಲಸಿದಳು. ಗಂಡ ಸಾಯುವುದಕ್ಕಿಂತ ಇದು ವಾಸಿ ಎಂದು ಅವಳ ಲೆಕ್ಕ.

ದೊಡ್ಡಹನುಮಯ್ಯನ ಹಸಿವು ಕೆರಳಿತು. ಮುದ್ದೆಯ ಮೇಲೆ ಮುದ್ದೆ ಇಳಿಯಿತು. "ಏನ್ ಸೊಸೇ, ದಿನಾ ಹಾಗಲಕಾಯೇ? ನಾಲಿಗೆ ಸತ್ತೋಯ್ತು ಕಣವ್ವಾ," ಎಂದು ಬೋರಮ್ಮ ಗೊಣಗಿದಳು. "ಮಾಡ್ಲಿ ಬಿಡವ್ವಾ, ನಂಗೆ ಸೇರ್ತದೆ," ಎಂದ ಮಗ. ದಸರಾ ಹೊತ್ತಿಗೆ ಅವನ ಕತ್ತು ದಪ್ಪವಾಗಿ ಅಂಗಿಯ ಗುಂಡಿ ಸೇರದಾಯಿತು. ಮದ್ದಿನಿಂದಲೋ, ಕ್ಯಾಂಟೀನಿನ ಅನ್ನದಿಂದಲೋ, ಗರಡಿಯ ಸಾಮಿನಿಂದಲೋ, ಯಾರು ಹೇಳಬಲ್ಲರು? ಅಂತೂ ತೂಕ ಹತ್ತಿದ. ದಸರಾ ಮುಗಿದ ಮೇಲೆ ದಂಡಿನ ಅದೇ ದಪ್ಪನೆಯವನನ್ನು ಎರಡನೆಯ ರೌಂಡಿನಲ್ಲೇ ಮಲಗಿಸಿ ಬಂದ. ಚಿಕ್ಕಲಕ್ಷ್ಮಮ್ಮ ಒಲೆಯ ಮುಂದೆ ಕೂತು ಮುಖಕ್ಕೆ ಸೆರಗು ಮುಚ್ಚಿಕೊಂಡು ಸಂತೋಷಕ್ಕೆ ಅತ್ತಳು.

ಆ ಸಂತೋಷ ಎಷ್ಟು ದಿನ? ಆಷಾಢದಲ್ಲಿ ಏಟು ತಿಂದು ಬಿದ್ದವನು ಕಾರ್ತೀಕಕ್ಕೆ ಗೂಳಿಯ ಹಾಗೆ ನಿಂತರೆ ಜನ ಸುಮ್ಮನಿರುತ್ತಾರೆಯೇ? ರೇಸ್‌ಕೋರ್ಸಿನ ಕುದುರೆಗಳಿಗೆ ಡೋಪ್ ಹಾಕುತ್ತಾರೆಂಬ ಮಾತು ಬೆಂಗಳೂರಿಗೆಲ್ಲ ಗೊತ್ತಿದ್ದದ್ದೇ. ಅದನ್ನೇ ಕಾರ್ತೀಕದ ಪಂದ್ಯದಲ್ಲಿ ಎದುರಾಗಬೇಕಿದ್ದ ಎದುರು ಕಾರ್ಖಾನೆಯವರು ಇವನ ಮೇಲೆ ಹಚ್ಚಿದರು. ಇಂಜೆಕ್ಷನ್ ಎಂದರು, ಮಾತ್ರೆ ಎಂದರು, ಕುದುರೆಲಾಯದವನ ಹತ್ತಿರ ತಂದ ಮದ್ದು ಎಂದರು. ಇವನು ಆಡುವುದಾದರೆ ನಾವು ಕೊನೆಯ ಪಂದ್ಯಕ್ಕೆ ಬರುವುದಿಲ್ಲ ಎಂದು ಕೂತುಬಿಟ್ಟರು. ಈಗಿನ ಹಾಗೆ ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲಿತ್ತು? ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, ಆಳು ಗಟ್ಟಿ ಇದಾನೆ ಎಂದು ಕಳಿಸಿದರು. ಉಳಿದದ್ದು ಬರೀ ಅನುಮಾನ.

ಒಂದು ಭಾನುವಾರ ಶ್ಯಾಮಸುಂದರ ಮನೆಗೇ ಬಂದ. ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಂಡ.

"ಹನುಮಯ್ಯ, ನನ್ನ ಹತ್ರ ಮುಚ್ಚಿಡಬೇಡ. ಏನಾದ್ರೂ ತಗೋತಾ ಇದೀಯಾ? ನಾಳೆ ಗೊತ್ತಾದ್ರೆ ನಿನ್ನ ಕೆಲಸದ ಜೊತೆ ನನ್ನ ಮಾನಾನೂ ಹೋಗತ್ತೆ."

"ಸಾರ್, ನನ್ನೆತ್ತ ತಾಯಾಣೆ. ಒಂದ್ ಬೀಡಿ ಸೇದಲ್ಲ ನಾನು," ಎಂದ ದೊಡ್ಡಹನುಮಯ್ಯ.

ಬೋರಮ್ಮ ಒಳಗಿನಿಂದ ಹಾರಿ ಬಂದಳು. "ಯಾವೋನ್ಲಾ ಅವ್ನು ಹಂಗಂದೋನು? ನನ್ ಮಗನ ಹೊಟ್ಟೆಗೆ ಮದ್ದು ಹಾಕ್ದೋರ ಕೈ ಸೇದೋಗ! ಅವ್ರ ವಂಸ ನಿರ್ನಾಮ ಆಗ!"

ಬಾಗಿಲ ಸಂದಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಚಿಕ್ಕಲಕ್ಷ್ಮಮ್ಮನ ಕೈಯಿಂದ ಲೋಟ ಜಾರಿ ಕಲ್ಲಿನ ಮೇಲೆ ಠಣ್ ಎಂದು ಬಿತ್ತು. ಆ ಸದ್ದಿಗೆ ದೊಡ್ಡಹನುಮಯ್ಯ ಕೂತಲ್ಲಿಂದ ಒಂದು ಗೇಣು ಮೇಲೆ ಹಾರಿದ. ಹಾರಿ, ಎರಡು ಕೈಯಲ್ಲೂ ದವಡೆ ಹಿಡಿದುಕೊಂಡ. ಶ್ಯಾಮಸುಂದರ ಅವನನ್ನೇ ನೋಡುತ್ತಿದ್ದ.

"ಏನಾಯ್ತು?"

"ಏನಿಲ್ಲ ಸಾರ್. ಎಲ್ಡು ದಿನದಿಂದ ದವಡೆ ಹಿಡ್ಕೊಂಡಂಗೆ ಆಯ್ತದೆ. ಏಟು ಬಿದ್ದಿತ್ತಲ್ಲ, ಅದಕ್ಕೇ ಇರಬೇಕು."

ಅವಳಿಗೆ ಗೊತ್ತಿತ್ತು ಅದು ಯಾವುದಕ್ಕೆಂದು. ಹಿತ್ತಿಲಿಗೆ ಓಡಿದಳು. ಪುಡಿಯ ಪೊಟ್ಟಣ ಎಸೆದರೆ ಯಾರದಾದರೂ ದನ ತಿಂದೀತು, ಒಲೆಗೆ ಹಾಕಿದರೆ ಹೊಗೆಗೆ ಏನಾದೀತೋ. ಕೊನೆಗೆ ಬಾಳೆಯ ಬುಡದಲ್ಲಿ ಕೈಯಿಂದಲೇ ಗುಂಡಿ ತೋಡಿ ಹೂತಳು. ಅವತ್ತಿನಿಂದ ಅವನ ತಟ್ಟೆಗೆ ಬರೀ ಅನ್ನ, ಬರೀ ಹಾಲು. ಅವನು ತುತ್ತೆತ್ತಿದಾಗೆಲ್ಲ ದವಡೆ ನೋಡುತ್ತಿದ್ದಳು. ಅವನು ಮಲಗಿದರೆ ಉಸಿರು ನೋಡುತ್ತಿದ್ದಳು. ಹುಲಿಯೂರ ದೇವರು, ಮುನೇಶ್ವರ, ಅಣ್ಣಮ್ಮ, ಯಾರಿಗೆಲ್ಲ ಹರಕೆ ಹೊತ್ತಳೋ ಲೆಕ್ಕವಿಲ್ಲ. ಮೆಲ್ಲಗೆ ದವಡೆ ಸಡಿಲವಾಯಿತು. ಲೋಟ ಬಿದ್ದರೂ ಅವನು ಬೆಚ್ಚುವುದು ನಿಂತಿತು. ಬದುಕಿದೆ ಎಂದುಕೊಂಡಳು ಪಾಪ.

ಅಷ್ಟರಲ್ಲಿ ಗರಡಿಯ ಉಸ್ತಾದ ಮುನಿರಾಮಯ್ಯ ಒಂದು ದಾರಿ ಹುಡುಕಿದ. ದೊಡ್ಡಹನುಮಯ್ಯನಿಗೆ ಮೊದಲು ಸಾಮು ಕಲಿಸಿದವನು ಅವನೇ. ಎದುರು ಕಾರ್ಖಾನೆಯ ಆಳುಗಳೂ ಸುತ್ತಲ ಹಳ್ಳಿಯವರೇ ಅಲ್ಲವೆ? ಡಾಕ್ಟರ ಮಾತು ನಂಬದಿದ್ದರೆ ದೇವರ ಮಾತು ನಂಬಲಿ ಎಂದ. ಶನಿವಾರ ಬೆಳಿಗ್ಗೆ ಗರಡಿಯ ಹನುಮಂತರಾಯನ ಮುಂದೆ ಕರ್ಪೂರ ಹಚ್ಚುವುದು, ದೊಡ್ಡಹನುಮಯ್ಯ ಅಂಗೈಯಿಂದ ಅದನ್ನು ಆರಿಸಿ ಪ್ರಮಾಣ ಮಾಡುವುದು. ಅಲ್ಲಿಗೆ ಅನುಮಾನ ಮುಗಿಯಿತು, ಮತ್ತೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಎದುರಿನವರು ಒಪ್ಪಿದರು. ಶ್ಯಾಮಸುಂದರ ಇಂಗ್ಲಿಷ್ ಓದಿದವನು, ಅವನೂ ಬೇರೆ ದಾರಿ ಕಾಣದೆ ಒಪ್ಪಿದ.

ಕರ್ಪೂರ ಆರಿಸುವುದೆಂದರೆ ಹುಡುಗಾಟವಲ್ಲ. ಸುಳ್ಳು ಪ್ರಮಾಣಕ್ಕೆ ಕರ್ಪೂರ ಆರಿಸಿದವನು ಮುಂದಿನ ಯುಗಾದಿ ನೋಡುವುದಿಲ್ಲ ಎಂದು ಆ ಊರಲ್ಲಿ ಮಕ್ಕಳಿಗೂ ಗೊತ್ತು. ಗೊತ್ತಿದ್ದು ಮಾಡಿದನೋ ಗೊತ್ತಿಲ್ಲದೆ ಮಾಡಿದನೋ ಎಂದು ಬೆಂಕಿ ಕೇಳುವುದಿಲ್ಲ. ದೊಡ್ಡಹನುಮಯ್ಯ ಈ ಸುದ್ದಿ ತಂದು ನಗುನಗುತ್ತ ಹೇಳಿದಾಗ ಚಿಕ್ಕಲಕ್ಷ್ಮಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿ ಹಾಗೇ ನಿಂತಿತು. ರಿಂಗಿನಲ್ಲಿ ಸಾಯದಿರಲಿ ಎಂದು ಕೊಟ್ಟದ್ದು ಈಗ ದೇವರ ಎದುರಿನಲ್ಲೇ ಕೊಲ್ಲಲು ನಿಂತಿತ್ತು.

ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದಳೋ! ಹೇಳಿದರೆ ಅವನು ಆಡುವ ಹಾಗಿಲ್ಲ. ಕೆಲಸ ಖಾಯಂ ಆಗುವುದಿಲ್ಲ. ತಾನು ಗಂಡನಿಗೆ ಮದ್ದು ಹಾಕಿದವಳಾಗುತ್ತಾಳೆ. ಹೇಳದಿದ್ದರೆ ಅವನೇ ಇರುವುದಿಲ್ಲ. ಶುಕ್ರವಾರವೂ ಹಾಗೇ ಕಳೆಯಿತು.

ಶನಿವಾರ ಬೆಳಿಗ್ಗೆ ಬಚ್ಚಲಲ್ಲಿ ಗಂಡನ ಬೆನ್ನಿಗೆ ಎಣ್ಣೆ ಉಜ್ಜುತ್ತ ಧೈರ್ಯ ಮಾಡಿದಳು.

"ಇವತ್ತು ಹೋಗದಿದ್ರೆ ಆಗಲ್ವಾ?"

ಅವನು ತಟ್ಟನೆ ತಿರುಗಿದ. "ಯಾಕೆ? ನೀನೂ ನನ್ ಮ್ಯಾಲೆ ಅನುಮಾನ ಪಡ್ತೀಯಾ?"

"ಅಯ್ಯೋ, ಇಲ್ಲ..."

"ನಿನ್ ಕೈಯಡುಗೆ, ಕ್ಯಾಂಟೀನ್ ಅನ್ನ, ಇವೆಲ್ಡು ಬಿಟ್ರೆ ನನ್ ಹೊಟ್ಟೆಗೆ ಬ್ಯಾರೆ ಏನೂ ಬಿದ್ದಿಲ್ಲ ಅಂತ ಹೇಳ್ತೀನಿ ಕಣೆ. ನಿಜ ತಾನೆ?"

ಅವಳು ಬಿಸಿನೀರು ಹುಯ್ದಳು. ಹಾಗೇ ಹೇಳಿದರೆ ಅದು ನಿಜವೇ ಎಂದು ಒಂದು ಗಳಿಗೆ ಆಸೆಯಾಯಿತು. ಆ ಆಸೆಗೆ ಜೋತುಬಿದ್ದು ಸುಮ್ಮನಾಗಿಬಿಟ್ಟಳು.

ಗರಡಿಗೆ ಹೆಂಗಸರು ಹೊಸಲು ದಾಟುವ ಹಾಗಿಲ್ಲ. ಹನುಮಂತರಾಯ ಬ್ರಹ್ಮಚಾರಿ, ಅವನ ಕೆಂಪುಮಣ್ಣಿನ ಮಟ್ಟಿಯನ್ನು ಹೆಣ್ಣು ತುಳಿಯಬಾರದೆಂಬುದು ಅಜ್ಜನ ಕಾಲದ ಕಟ್ಟು. ಬೋರಮ್ಮನ ಜೊತೆ ಅವಳು ಹೊರಗೆ ಬೇವಿನ ಮರದ ಕೆಳಗೆ ನಿಂತಳು. ತೆರೆದ ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಎದುರು ಕಾರ್ಖಾನೆಯವರು ಒಂದು ಗೋಡೆಗೆ, ಊರಿನವರು ಇನ್ನೊಂದು ಗೋಡೆಗೆ ನಿಂತಿದ್ದರು. ಶ್ಯಾಮಸುಂದರ ಷೂ ಬಿಚ್ಚಿ ಕೈಕಟ್ಟಿಕೊಂಡು ಮೂಲೆಯಲ್ಲಿದ್ದ. ಮಟ್ಟಿಯ ನಡುವೆ ಒದ್ದೆ ಪಂಚೆಯಲ್ಲಿ ದೊಡ್ಡಹನುಮಯ್ಯ. ಮುನಿರಾಮಯ್ಯ ಹಿತ್ತಾಳೆ ತಟ್ಟೆಯ ಮೇಲೆ ಕರ್ಪೂರದ ಗಟ್ಟಿ ಇಟ್ಟು ಹಚ್ಚಿದ. ಉರಿ ಎದ್ದಿತು.

"ನಾನ್ ಹೇಳ್ದಂಗೆ ಹೇಳಪ್ಪಾ," ಎಂದ ಮುನಿರಾಮಯ್ಯ. "ನನ್ನ ಒಡಲಿಗೆ ಯಾವ ಮದ್ದೂ ಸೇರಿಲ್ಲ."

"ನನ್ನ ಒಡಲಿಗೆ ಯಾವ ಮದ್ದೂ ಸೇರಿಲ್ಲ," ಎಂದ ದೊಡ್ಡಹನುಮಯ್ಯ.

ಬೇವಿನ ಮರದ ಕೆಳಗಿನಿಂದ ಚಿಕ್ಕಲಕ್ಷ್ಮಮ್ಮ ಬಾಗಿಲ ಹತ್ತಿರಕ್ಕೆ ಬಂದಳು. ಬೆಳಿಗ್ಗೆ ಅವನು ಹೇಳಿದ್ದ ಮಾತಲ್ಲ ಇದು.

"ಸೇರಿದ್ರೆ, ಈ ಉರಿ ಆರಿದಂಗೆ ನನ್ ಉಸಿರು ಆರೋಗ್ಲಿ."

ಅದನ್ನೂ ಹೇಳಲು ಅವನು ಬಾಯಿ ತೆರೆದ. ಅಂಗೈ ಮೇಲೆತ್ತಿದ.

"ಬ್ಯಾಡಾ!"

ಆ ಕೂಗು ತನ್ನದೆಂದು ಅವಳಿಗೇ ಗೊತ್ತಾಗಲಿಲ್ಲ. ಹೊಸಲು ದಾಟಿದ್ದು, ಮಣ್ಣು ತುಳಿದದ್ದು, ಯಾರೋ ಸೆರಗು ಹಿಡಿದು ಎಳೆದದ್ದು, ಯಾವುದೂ ಗೊತ್ತಾಗಲಿಲ್ಲ. ಅವನ ಕೈ ಇಳಿಯುವುದಕ್ಕೆ ಮೊದಲು ತನ್ನ ಕೈ ಇಳಿಯಬೇಕು, ಅಷ್ಟೇ ಗೊತ್ತಿತ್ತು. ಉರಿಯುವ ಕರ್ಪೂರದ ಮೇಲೆ ಬಲ ಅಂಗೈ ಒತ್ತಿ ಹಿಡಿದಳು. ಚುರ್ ಎಂದಿತು. ಕೈ ತೆಗೆಯಲಿಲ್ಲ.

"ನಾನ್ ಹಾಕ್ದೆ," ಎಂದಳು. "ಎತ್ತಿನ ಮದ್ದು. ಗೊಜ್ಜಲ್ಲಿ ಕಲಸಿ ಹಾಕ್ದೆ. ಅವ್ರಿಗೆ ಗೊತ್ತಿಲ್ಲ ಸ್ವಾಮೀ, ಅವ್ರಿಗೇನೂ ಗೊತ್ತಿಲ್ಲ. ಸತ್ತೋಯ್ತಾರೆ ಅಂತ ಭಯ ಆಗಿ ಹಾಕ್ದೆ. ಆರಿಸಿದ್ದು ನಾನು. ಬಂದ್ರೆ ನಂಗೇ ಬರ್ಲಿ."

ಅವಳು ತಲೆ ಎತ್ತಿ ಗಂಡನನ್ನು ನೋಡಿದಳು. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಅವಳನ್ನು ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದ. ಯಾವ ದಪ್ಪನೆಯವನ ಮುಷ್ಟಿಗೂ ಹಿಂದೆ ಸರಿಯದವನು ತನ್ನ ಹೆಂಡತಿಗೆ ಹೆದರಿ ಹಿಂದೆ ಸರಿದ. ಅಂಗೈ ಸುಟ್ಟದ್ದು ಅವಳಿಗೆ ಆಗ ಉರಿಯತೊಡಗಿತು.

ಮುಂದಿನದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಎದುರು ಕಾರ್ಖಾನೆಯವರು ಪಂದ್ಯದಿಂದ ದೊಡ್ಡಹನುಮಯ್ಯನ ಹೆಸರು ತೆಗೆಸಿ ಗೆದ್ದಷ್ಟೇ ಖುಷಿಯಿಂದ ಹೋದರು. ಶ್ಯಾಮಸುಂದರ ಒಳ್ಳೆಯವನೇ, "ಕೆಲಸ ಹೋಗಲ್ಲ, ಆದ್ರೆ ಖಾಯಂ ವಿಷಯ ಇನ್ನು ನನ್ನ ಕೈಲಿಲ್ಲ," ಎಂದು ಹೇಳಿ ಸೈಕಲ್ ಹತ್ತಿದ. ಬಾಕ್ಸಿಂಗು ಅಲ್ಲಿಗೆ ಮುಗಿಯಿತು. ಹೆಣ್ಣು ತುಳಿದ ಮಣ್ಣನ್ನು ತೆಗೆದು ಹೊಸ ಕೆಂಪುಮಣ್ಣು ತುಂಬಬೇಕೆಂದು ಮುನಿರಾಮಯ್ಯ ಹೇಳಿದ. ದೊಡ್ಡಹನುಮಯ್ಯ ಒಬ್ಬನೇ ಮಂಕರಿಯಲ್ಲಿ ಹೊತ್ತು ತಂದು ಹಾಕಿದ, ಯಾರ ಸಹಾಯವನ್ನೂ ತೆಗೆದುಕೊಳ್ಳಲಿಲ್ಲ. ಅವಳ ಅಪ್ಪ ಬೆಟ್ಟಯ್ಯನ ಗುಡಿಸಲಿಗೆ ಹೋಗಿ ಕೂಗಾಡಿದ. "ಎತ್ತಿಗೆ ಅಂದ್ಲಲ್ಲಪ್ಪೋ!" ಎಂದು ಮುದುಕ ಎದೆ ಬಡಿದುಕೊಂಡು ಅತ್ತನಂತೆ. ಮಗಳನ್ನು ಕರೆದುಕೊಂಡು ಹೋಗುತ್ತೇನೆಂದು ಮಾತ್ರ ಅಪ್ಪ ಹೇಳಲಿಲ್ಲ.

ಬೋರಮ್ಮ ಸೊಸೆಯ ಸೀರೆಗಳನ್ನು ಗಂಟು ಕಟ್ಟಿ ಜಗಲಿಗೆ ಎಸೆದಳು. ಚಿಕ್ಕಲಕ್ಷ್ಮಮ್ಮ ಗಂಟಿನ ಪಕ್ಕ ಸಂಜೆಯವರೆಗೂ ಕೂತಿದ್ದಳು. ಎಲ್ಲಿಗೆ ಹೋಗುವುದು? ಕಾರ್ಖಾನೆಯಿಂದ ಬಂದ ಗಂಡ ಅವಳ ಮುಖ ನೋಡದೆ ಗಂಟು ಎತ್ತಿ ಒಳಗಿಟ್ಟ.

"ಇರ್ಲಿ ಬುಡವ್ವಾ," ಎಂದ ತಾಯಿಗೆ. "ಇರ್ಲಿ ಅಂದ್ರೆ ಇರ್ಲಿ."

ಇದ್ದಳು. ಆದರೆ ಒಲೆ ಬೋರಮ್ಮನದಾಯಿತು. ನೆರೆಯವರು ತಮ್ಮ ಮಕ್ಕಳನ್ನು ಅವಳ ಹತ್ತಿರ ಬಿಡಲಿಲ್ಲ. ಅವಳು ಕೊಟ್ಟ ಮಜ್ಜಿಗೆಯನ್ನು ತಿರುವಿನಲ್ಲಿ ಚೆಲ್ಲಿ ಹೋದರು. ಗಂಡ ಅವಳ ಕೈಯಿಂದ ಒಂದು ಲೋಟ ನೀರೂ ಕುಡಿಯಲಿಲ್ಲ. ಮಾತಾಡುತ್ತಿದ್ದ, ಬೈಯುತ್ತಿರಲಿಲ್ಲ, ಆದರೆ ಅವಳು ಹತ್ತಿರ ಬಂದರೆ ಅವನ ಕಣ್ಣಿನಲ್ಲಿ ಆವತ್ತಿನ ಆ ಹೆಜ್ಜೆ ಕಾಣುತ್ತಿತ್ತು. ಯುಗಾದಿಯವರೆಗೆ ಅವಳು ದಿನವೂ ಕಾದಳು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು. ದೇವರು ಅವಳಿಗೆ ಏನೂ ಮಾಡಲಿಲ್ಲ. ಮಾಡಬೇಕಾದ್ದನ್ನು ಮನುಷ್ಯರೇ ಮಾಡುತ್ತಿದ್ದಾರೆಂದು ಸುಮ್ಮನಾದನೋ ಏನೋ.

ಮುಂದಿನ ಮಳೆಗಾಲದಲ್ಲಿ ಬೋರಮ್ಮ ಚಳಿಜ್ವರ ಹತ್ತಿ ಮಲಗಿದಳು. ಒಲೆ ಹಚ್ಚಲು ಬೇರೆ ಯಾರಿದ್ದರು? ಚಿಕ್ಕಲಕ್ಷ್ಮಮ್ಮ ಅಡುಗೆ ಮಾಡಿ, ಗಂಡನ ಮುಂದೆ ತಟ್ಟೆ ಇಟ್ಟಳು. ಅವನು ಕೂತ. ತಟ್ಟೆ ನೋಡಿದ. ಕೈ ಮುಂದೆ ಬರಲಿಲ್ಲ. ಹಸಿದು ಬಂದ ಮನುಷ್ಯ, ಎದುರಿಗೆ ಹಬೆಯಾಡುವ ಮುದ್ದೆ, ಆದರೂ ಕೈ ಬರಲಿಲ್ಲ. ಆಗ ಅವಳು ಸಾರನ್ನು ಸುಟ್ಟ ಅಂಗೈಗೆ ಬಿಟ್ಟುಕೊಂಡು, ಮುದ್ದೆ ಮುರಿದು, ಅವನ ಎದುರಿಗೇ ನುಂಗಿದಳು. ನುಂಗಿ ಕೂತಳು. ಅವನು ಅವಳ ದವಡೆ ನೋಡುತ್ತ ಕೂತ. ಆಮೇಲೆ ತುತ್ತು ಮುರಿದ.

ಅದೇ ರೂಢಿಯಾಯಿತು. ಬೋರಮ್ಮ ಆ ಜ್ವರದಿಂದ ಎದ್ದರೂ ಒಲೆಯ ಮುಂದೆ ಕೂರುವ ಶಕ್ತಿ ಬರಲಿಲ್ಲ. ಬೆಳಿಗ್ಗೆ ಅತ್ತೆಯ ಗಂಜಿಗೆ ಒಂದು ತುತ್ತು, ಮಧ್ಯಾಹ್ನ ಬುತ್ತಿ ಕಟ್ಟುವಾಗ ಒಂದು ತುತ್ತು, ಸಂಜೆ ಒಂದು ತುತ್ತು. ತಿಂದು ತೋರಿಸದೆ ಬಡಿಸಲು ಅವಳಿಗೇ ಕೈ ಬರದಾಯಿತು. ಹಾಗಲಕಾಯಿ ಮಾತ್ರ ಆ ಮನೆಯ ಹೊಸಲು ದಾಟಲಿಲ್ಲ. ಸಂತೆಯಲ್ಲಿ ಅದರ ರಾಶಿ ಕಂಡರೆ ಅವಳು ಆಚೆ ಸಾಲಿಗೆ ಹೋಗಿಬಿಡುತ್ತಿದ್ದಳು.

ಹೀಗೆ ವರ್ಷ ತಿರುಗಿ ಮತ್ತೆ ಕಾರ್ತೀಕ ಬಂತು. ಒಂದು ಸಂಜೆ ದೊಡ್ಡಹನುಮಯ್ಯ ಕಾರ್ಖಾನೆಯಿಂದ ಬಂದವನು ಚೀಲವನ್ನು ಅಡುಗೆಮನೆಯ ಬಾಗಿಲಲ್ಲಿ ಇಟ್ಟ. ಅವಳು ಬಿಚ್ಚಿ ನೋಡಿದಳು. ಎಳೆಯ ಹಾಗಲಕಾಯಿ.

"ಗೊಜ್ಜು ಮಾಡು," ಎಂದ.

ಅವಳು ಕಾಯಿ ಕೈಗೆತ್ತಿಕೊಂಡಳು. ಇದೇನು, ಪರೀಕ್ಷೆಯೇ? ಏನು ನೆನಪು ಮಾಡಿಕೊಂಡು ತಂದ? ಕೇಳುವ ಧೈರ್ಯವಿಲ್ಲ. ಹೆಚ್ಚಿದಳು, ಹುರಿದಳು, ಹುಣಸೆಹಣ್ಣು ಕಿವುಚಿದಳು. ಉಪ್ಪು ಎಷ್ಟು ಹಾಕಿದೆನೆಂದೇ ಅವಳಿಗೆ ತಿಳಿಯಲಿಲ್ಲ. ತಂದು ಎದುರಿಗಿಟ್ಟು ಕುಕ್ಕರಗಾಲಲ್ಲಿ ಕೂತು, ಎಂದಿನಂತೆ ಸೌಟಿಗೆ ಕೈ ಹಾಕಿದಳು.

ದೊಡ್ಡಹನುಮಯ್ಯ ಎಡಗೈ ಚಾಚಿ ಅವಳ ಬಲಗೈ ಹಿಡಿದುಕೊಂಡ. ಆ ಸುಟ್ಟ ಕಲೆಯ ಮೇಲೆ ಅವನ ಹೆಬ್ಬೆರಳು ಬಿತ್ತು. ಹಿಡಿದ ಕೈ ಬಿಡದೆ, ಇನ್ನೊಂದು ಕೈಯಿಂದ ತಾನೇ ಗೊಜ್ಜು ಬಡಿಸಿಕೊಂಡು, ಮುದ್ದೆ ಮುರಿದು ಅದ್ದಿದ.

"ತಡೀರಿ, ನಾನ್ ತಿಂದಿಲ್ಲ ಇನ್ನೂ!" ಎಂದು ಅವಳು ಚೀರಿದಳು. ಕೈ ಬಿಡಿಸಿಕೊಳ್ಳಲು ಎಳೆದಳು. ಆ ಮುಷ್ಟಿ ಸಡಿಲವಾಗಲಿಲ್ಲ.

ಅವನು ನುಂಗಿದ. ಮತ್ತೊಂದು ತುತ್ತು ಮುರಿದ.

"ಉಪ್ಪು ವಸಿ ಕಮ್ಮಿ ಆಗೈತೆ ಕಣೆ," ಎಂದ.

ಅವನು ಊಟ ಮುಗಿಸಿ ಕೈ ತೊಳೆಯುವವರೆಗೂ ಅವಳು ಅವನ ದವಡೆಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ, ಬಾಳೆಯ ಬುಡದಲ್ಲಿ ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಬೇರೆಯವರಿಗೆ ಬಡಿಸುವಾಗ ಮೊದಲ ತುತ್ತು ತಾನು ತಿನ್ನುವುದನ್ನು ಸಾಯುವವರೆಗೂ ಬಿಡಲಿಲ್ಲ. ಗಂಡನಿಗೆ ಮಾತ್ರ ಅವತ್ತಿನಿಂದ ನೇರ ತಟ್ಟೆಗೇ ಬಡಿಸಿದಳು, ಉಪ್ಪು ನೋಡಿ ಹಾಕಿ.